ಎರೆಹಾಳದ ತಪ್ಪಿನ ಕೆರೆ

ಎರೆಹಾಳದ ಪೇಟೆ ದಾಟಿ ಬಡಗಣ ದಿಕ್ಕಿಗೆ ತುಸು ನಡೆದರೆ, ಕಲ್ಲಿನ ಪಾವಟಿಗೆಗಳ ಚೌಕಾಕಾರದ ಕೆರೆಯೊಂದು ಸಿಗುತ್ತದೆ. ಪುರಸಭೆಯವರು ಅದಕ್ಕೆ ಎರಡು ಸಲ ಚೆಂದದ ಹೆಸರಿಟ್ಟು ಫಲಕ ನೆಟ್ಟರು. ಊರ ಹೆಂಗಸರು ಕೇಳಬೇಕಲ್ಲ! ಅವರ ಬಾಯಲ್ಲಿ ಅದು ಇಂದಿಗೂ ತಪ್ಪಿನ ಕೆರೆಯೇ.

ಹಿಂದೆ ಒಮ್ಮೆ, ಬ್ರಿಟಿಷರ ಕಾಲದಲ್ಲಿ, ಇಲ್ಲಿ ಕೈಖುಶ್ರು ರೂವಾಲಾ ಎಂಬ ಪಾರ್ಸಿ ಸಾಹೇಬರ ಹತ್ತಿ ಗಿರಣಿಯಿತ್ತು ಎನ್ನುತ್ತಾರೆ. ಸಾಹೇಬರು ಮುಂಬಯಿಯ ಶಾಸನಸಭೆಯ ಸದಸ್ಯರು. ಸರಕಾರದಿಂದ 'ಸರ್' ಪದವಿ ಇನ್ನೇನು ಬರುವುದರಲ್ಲಿತ್ತು. ಅವರ ಧರ್ಮದಲ್ಲಿ ಬೆಂಕಿ ಪವಿತ್ರ. ಗಿರಣಿಯಲ್ಲಿ ಯಾರೂ ದೀಪವನ್ನು ಊದಿ ಆರಿಸಕೂಡದು, ತಮ್ಮನ್ನು ಕೇಳದೆ ಬೆಂಕಿಗೆ ನೀರು ಹಾಕಕೂಡದು ಎಂದು ಅಪ್ಪಣೆ ಮಾಡಿದ್ದರು. ಕಾವಲುಗಾರ ಯಮನಪ್ಪನಿಗೆ ಸಾಹೇಬರ ಮಾತೆಂದರೆ ದೇವರ ಮಾತು. ಒಂದು ಮಧ್ಯಾಹ್ನ ಅಂಗಳದ ಹತ್ತಿಗೆ ಕಿಡಿ ತಾಗಿತು. ಮಗ್ಗುಲಲ್ಲೇ ನೀರಿನ ತೊಟ್ಟಿಯಿತ್ತು. ಆದರೂ ಯಮನಪ್ಪ ಕೊಡ ಹಿಡಿಯಲಿಲ್ಲ, ಅಪ್ಪಣೆ ಕೇಳಲು ಬಂಗಲೆಗೆ ಓಡಿದ. "ಹುಚ್ಚರಾ, ನೀರ್ ಹಾಕ್ರೋ!" ಎಂದು ಸಾಹೇಬರು ಚೀರುತ್ತ ಬರಿಗಾಲಲ್ಲಿ ಬಂದು ತಾವೇ ನೀರು ಎರಚಿದರು. ಅಷ್ಟರಲ್ಲಿ ಉರಿ ಉಗ್ರಾಣಕ್ಕೆ ಹಬ್ಬಿತ್ತು. ಒಳಗೆ ಹತ್ತಿ ಆರಿಸುತ್ತಿದ್ದ ಗಂಗವ್ವ ಹೊರಬರಲಿಲ್ಲ. ಆಕೆ ಯಮನಪ್ಪನ ಹೆಂಡತಿ.

ಕಲೆಕ್ಟರರ ವಿಚಾರಣೆ ನಡೆಯಿತು. ಕಾವಲುಗಾರನ ಅಲಕ್ಷ್ಯವೆಂದು ಬರೆದರೆ ಯಮನಪ್ಪನಿಗೆ ಜೈಲು. ಅಪ್ಪಣೆಯ ವಿಷಯ ಹೊರಬಿದ್ದರೆ ಸಾಹೇಬರಿಗೆ ಪದವಿಯೂ ಇಲ್ಲ, ಶಾಸನಸಭೆಯೂ ಇಲ್ಲ. ಸುಮ್ಮನಿರಿ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಸ್ನೇಹಿತರು ಕಿವಿಯೂದಿದರು. ಯಮನಪ್ಪನಂತೂ ಅಪ್ಪಣೆಯ ಸೊಲ್ಲೆತ್ತದೆ, "ತಪ್ಪು ನಂದರಿ" ಎಂದು ಕೈಮುಗಿದ. ಆಗ ಸಾಹೇಬರು ಕುರ್ಚಿಯಿಂದೆದ್ದು, "ಅಲ್ಲ, ಇವನನ್ನು ಕಟ್ಟಿಹಾಕಿದ್ದು ನನ್ನ ಅಪ್ಪಣೆ. ತಪ್ಪು ನನ್ನದು, ಬರೆದುಕೊಳ್ಳಿ" ಎಂದರಂತೆ. ಯಮನಪ್ಪ ಅಲ್ಲೇ ಅಳತೊಡಗಿದ. "ಹಂಗನಬ್ಯಾಡ್ರಿ ಸಾಹೇಬ್ರ, ಕೇಳಾಕ ಓಡಿದ ಕಾಲು ನಂದ ಐತ್ರಿ" ಎಂದ.

ಯಮನಪ್ಪ ಮನೆಗೆ ಬಂದ. ಪದವಿ ಬರಲಿಲ್ಲ, ಶಾಸನಸಭೆಯ ಸ್ಥಾನವನ್ನು ಸಾಹೇಬರೇ ಬಿಟ್ಟುಕೊಟ್ಟರು. ಸುಟ್ಟ ಉಗ್ರಾಣದ ನೆಲವನ್ನು ಅಗೆಸಿ ಕೆರೆ ಕಟ್ಟಿಸಿದರು. ನೀರಿಗೆ ಬಂದವರು ಯಾರನ್ನೂ ಯಾವುದಕ್ಕೂ ಕೇಳಬೇಕಾಗಿಲ್ಲ ಎಂಬುದೊಂದೇ ಅಲ್ಲಿನ ಕಟ್ಟಳೆ.

ಮೂಡಣ ಪಾವಟಿಗೆಯ ಬಳಿ ಹೋದವರಿಗೆ ಇಂದಿಗೂ ಒಂದು ಕರಿಕಲ್ಲು ಕಾಣುತ್ತದೆ. ಪಾಚಿ ಒರೆಸಿದರೆ ಅಕ್ಷರಗಳನ್ನು ಓದಬಹುದು: 'ಸತ್ತವಳು ಗಂಗವ್ವ. ತಪ್ಪು ಕೈಖುಶ್ರುವಿನದು.' ಅದರ ಕೆಳಗೆ, ಬೇರೆ ಯಾರೋ ಮೊಳೆಯಿಂದ ಸೊಟ್ಟಸೊಟ್ಟಗೆ ಕೊರೆದ ಎರಡೇ ಮಾತು: 'ನಂದೂ ಐತಿ.'