ಕೊನೆಗೆ ಬಿಚ್ಚಿದ ಭಾಗ

"ಗುರುಗಳೇ, ತಪ್ಪನ್ನು ಎಲ್ಲ ಕಡೆ ಹುಡುಕಿದರೂ ಸಿಗದಿದ್ದರೆ ಏನು ಮಾಡಬೇಕು?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಶಿಷ್ಯ. ಊರಿನ ಹೆಂಗಸರಿಗೆ ಅಕ್ಷರ ಕಲಿಸುವ ಮಠದ ಸಂಜೆ ಶಾಲೆಯನ್ನು ಎರಡು ತಿಂಗಳ ಹಿಂದೆ ವಹಿಸಿಕೊಂಡಿದ್ದ. ಮೂವತ್ತು ಜನ ಬರುತ್ತಿದ್ದ ಕಡೆ ಈಗ ಏಳು ಜನ ಉಳಿದಿದ್ದರು. ಅವನು ಪಾಠದ ಹೊತ್ತು ಬದಲಿಸಿದ, ಹೊಸ ಚಾಪೆ ಹಾಕಿಸಿದ, ಇನ್ನೆರಡು ದೀಪ ಹಚ್ಚಿಸಿದ. ಯಾವುದರಿಂದಲೂ ಉಪಯೋಗವಾಗಲಿಲ್ಲ. ಶಾಲೆಯ ಕಸ ಗುಡಿಸುವ ಗೌರವ್ವನ ಮಾತು ಒರಟು, ಅದಕ್ಕೇ ಹೆಂಗಸರು ಬರುತ್ತಿಲ್ಲ ಎಂದು ಕೊನೆಗೆ ಅವನಿಗೆ ಅನ್ನಿಸಿತು. ನಾಳೆಯಿಂದ ಅವಳನ್ನು ಬಿಡಿಸಲು ಅಪ್ಪಣೆ ಕೇಳಲೆಂದು ಬಂದು, ಇದನ್ನೆಲ್ಲ ಹೇಳಿದ.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ತಾಲ್ಲೂಕು ಕಚೇರಿಯ ಎದುರಿಗೆ ಕಮಲಾಬಾಯಿ ಎಂಬಾಕೆಯ ಅಂಗಡಿ ಇತ್ತು. ಕಚೇರಿಗೆ ಬರುವ ಜನ ಅರ್ಜಿ, ಕರಾರುಪತ್ರಗಳನ್ನು ಅಲ್ಲಿ ಟೈಪು ಮಾಡಿಸಿ ಪ್ರಿಂಟ್ ತೆಗೆಸುತ್ತಿದ್ದರು. ಆ ಕೆಲಸ ಮಾಡುತ್ತಿದ್ದವಳು ಪಾರವ್ವ. ಅವಳ ಗಂಡ ದರ್ಜಿ. ಕಣ್ಣು ಮಂಜಾಗಿ ಅವನು ಹೊಲಿಗೆ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದು ಪಾರವ್ವನ ದುಡಿಮೆಯಿಂದಲೇ.

ಒಂದು ದಿನ ಪ್ರಿಂಟರಿನಿಂದ ಬಂದ ಹಾಳೆಯ ಅಕ್ಷರಗಳು ಬೆರಳು ತಾಗಿದರೆ ಅಳಿಸಿಹೋಗತೊಡಗಿದವು. ಕಮಲಾಬಾಯಿ ಫಕೀರಪ್ಪನನ್ನು ಕರೆಸಿದಳು. ಆ ಬೀದಿಯ ಪ್ರಿಂಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನು. ಅವನ ಕೈ ತಾಗಿದ ಮೇಲೆ ಇನ್ನೊಬ್ಬರು ನೋಡಬೇಕಾಗಿಲ್ಲ ಎಂದು ಜನ ಹೇಳುತ್ತಿದ್ದರು. ಶಾಯಿಯ ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗ ಕೆಟ್ಟಿದೆ ಎಂದು ಫಕೀರಪ್ಪ ಕಂಡುಹಿಡಿದ. ಪಟ್ಟಣಕ್ಕೆ ಹೋಗಿ ಹೊಸ ಭಾಗ ತಂದು ಜೋಡಿಸಿದ. ಎರಡು ಹಾಳೆ ತೆಗೆದು ಉಜ್ಜಿ ನೋಡಿದ. ಅಕ್ಷರ ಅಳಿಸಲಿಲ್ಲ. ಎಲ್ಲರಿಗೂ ಸಮಾಧಾನವಾಯಿತು.

ಮರುದಿನ ಪಾರವ್ವ ದೊಡ್ಡದೊಂದು ಕಾಗದಪತ್ರದ ಕಟ್ಟನ್ನು ಪ್ರಿಂಟಿಗೆ ಹಾಕಿದಳು. ಹನ್ನೆರಡು ಹಾಳೆ ಬಂದು ಯಂತ್ರ ನಿಂತಿತು. ಕೆಂಪು ದೀಪ ಹತ್ತಿತು, ದೋಷದ ಸಂಖ್ಯೆಯೊಂದು ಕಾಣಿಸಿತು. ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ನಡೆಯಿತು. ಮತ್ತೆ ಹತ್ತು ಹಾಳೆಗೆ ನಿಂತಿತು.

ಫಕೀರಪ್ಪ ಬಂದು ಉರುಳೆಗಳನ್ನು ಒರೆಸಿದ, ಎರಡು ಹಾಳೆ ತೆಗೆದು ನೋಡಿದ, ಸರಿಯಾಗಿದೆ ಎಂದು ಹೋದ. ಸಂಜೆ ಮತ್ತೆ ನಿಂತಿತು. ಬೇರೆ ಕಾಗದ ಹಾಕಿಸಿದ. ತಂತಿ ಬದಲಿಸಿದ. ವಿದ್ಯುತ್ತಿನ ಏರಿಳಿತವಿರಬಹುದೆಂದು ತನ್ನ ಅಂಗಡಿಯ ಸ್ಟೆಬಿಲೈಸರನ್ನೇ ತಂದು ಕೂರಿಸಿದ. ಪ್ರತಿ ಸಲವೂ ಎರಡೇ ಹಾಳೆ ತೆಗೆದು ನೋಡುತ್ತಿದ್ದ. ಪ್ರತಿ ಸಲವೂ ಅವು ಚೆನ್ನಾಗಿಯೇ ಬರುತ್ತಿದ್ದವು.

ಕಮಲಾಬಾಯಿ ಆಗೀಗ ಒಂದೆರಡು ಹಾಳೆ ತೆಗೆದರೆ ಯಂತ್ರ ನಿಲ್ಲುತ್ತಿರಲಿಲ್ಲ. ಕಟ್ಟುಗಟ್ಟಲೆ ತೆಗೆಯುವವಳು ಪಾರವ್ವ. ಹಾಗಾಗಿ ನಿಂತಾಗಲೆಲ್ಲ ಯಂತ್ರದ ಮುಂದೆ ಅವಳೇ ಇರುತ್ತಿದ್ದಳು.

ನಾಲ್ಕನೆಯ ದಿನ ಅಂಗಡಿಯ ತುಂಬ ಜನ ಕಾಯುತ್ತಿದ್ದರು. ಕಚೇರಿ ಮುಚ್ಚುವ ಹೊತ್ತಾಗುತ್ತಿತ್ತು. ಫಕೀರಪ್ಪ ಮುಚ್ಚಳ ಹಾಕಿ ಎದ್ದು, "ಅಕ್ಕಾವ್ರೇ, ಯಂತ್ರದಲ್ಲಿ ಏನೂ ತೊಂದರೆಯಿಲ್ಲ. ಹಾಳೆ ಎಳೆಯುವ ಕೈ ಒರಟು" ಎಂದ.

"ನಾನು ಮುಟ್ಟುವ ಮೊದಲೇ ನಿಲ್ಲುತ್ತದೆ, ಅಣ್ಣಾ" ಎಂದಳು ಪಾರವ್ವ.

ಫಕೀರಪ್ಪ ಅವಳ ಕಡೆ ನೋಡದೆ ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ.

ಕಮಲಾಬಾಯಿ ಕೆಟ್ಟವಳಲ್ಲ. ಆದರೆ ಎದುರಿಗೆ ಜನ ರೇಗುತ್ತಿದ್ದರು, ಅವಳಿಗೂ ದಿಕ್ಕು ತೋಚಲಿಲ್ಲ. "ನಾಲ್ಕು ದಿನ ಮನೆಯಲ್ಲಿರು ಪಾರವ್ವ, ಆಮೇಲೆ ನೋಡೋಣ" ಎಂದಳು. ಆ ಮಾತಿನ ಅರ್ಥ ಪಾರವ್ವನಿಗೆ ಗೊತ್ತಿತ್ತು. ಕನ್ನಡಕವನ್ನೂ ಬುತ್ತಿಯ ಡಬ್ಬಿಯನ್ನೂ ಎತ್ತಿಕೊಂಡು, ಕಾಯುತ್ತಿದ್ದ ಜನರ ನಡುವೆ ದಾರಿ ಮಾಡಿಕೊಂಡು ಹೋದಳು.

ಮರುದಿನ ಕಮಲಾಬಾಯಿ ತಾನೇ ಕೂತು ಅರವತ್ತು ಹಾಳೆಯ ಕೆಲಸ ಹಾಕಿದಳು. ಹನ್ನೆರಡನೆಯ ಹಾಳೆಗೆ ಯಂತ್ರ ನಿಂತಿತು. ಅವಳು ಫಕೀರಪ್ಪನಿಗೆ ಹೇಳಿಕಳಿಸಿದಳು. ಅವನು ಬಂದು ಚೀಲ ಇಳಿಸಿದಾಗ ಅವಳು ಬೈಯಲಿಲ್ಲ.

"ಇವತ್ತು ಪಾರವ್ವ ಇಲ್ಲ, ಫಕೀರಪ್ಪ" ಎಂದಳು, ಅಷ್ಟೆ.

ಫಕೀರಪ್ಪ ಮತ್ತೆ ಮುಚ್ಚಳ ತೆಗೆದ. ಆ ಯಂತ್ರದಲ್ಲಿ ಅವನು ಬಿಚ್ಚಿ ನೋಡದೆ ಉಳಿದದ್ದು ಒಂದೇ, ತಾನೇ ತಂದು ಹಾಕಿದ ಹೊಸ ಭಾಗ. ಅದನ್ನು ಬಿಚ್ಚಿದ. ತನ್ನ ಅಂಗಡಿಗೆ ಹೋಗಿ ಹಳೆಯದನ್ನು ತಂದು ಪಕ್ಕದಲ್ಲಿಟ್ಟ. ಅಳತೆ ಒಂದೇ, ಆಕಾರ ಒಂದೇ. ಮೇಲೆ ಬರೆದ ನಂಬರಿನ ಕೊನೆಯ ಅಕ್ಷರ ಮಾತ್ರ ಬೇರೆ. ಹೊಸ ಭಾಗದಲ್ಲಿ ಕೊರತೆಯೇನೂ ಇರಲಿಲ್ಲ. ಅದು ಇನ್ನೊಂದು ಜಾತಿಯ ಪ್ರಿಂಟರಿಗಾಗಿ ಮಾಡಿದ ಭಾಗವಾಗಿತ್ತು. ಒಂದೆರಡು ಹಾಳೆಗೆ ತೊಂದರೆ ಕಾಣುತ್ತಿರಲಿಲ್ಲ. ಹಾಳೆ ಹೆಚ್ಚಾಗಿ ಕಾವು ಏರಿದರೆ ಅದು ತಿಳಿಸುವ ಕಾವಿನ ಲೆಕ್ಕ ಈ ಯಂತ್ರಕ್ಕೆ ಹೊಂದದೆ, ಯಂತ್ರ ತಾನಾಗಿ ನಿಂತುಬಿಡುತ್ತಿತ್ತು.

ಆ ಅಕ್ಷರ ಬೇರೆಯಾಗಿರುವುದು ಜೋಡಿಸುವ ದಿನವೇ ಅವನ ಕಣ್ಣಿಗೆ ಬಿದ್ದಿತ್ತು. ಮಾರಿದವನು ಎರಡೂ ಒಂದೇ ಎಂದಿದ್ದ. ಭಾಗ ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಫಕೀರಪ್ಪ ಅಲ್ಲಿಗೆ ಅದನ್ನು ಮರೆತಿದ್ದ.

ಅವನು ಪಟ್ಟಣಕ್ಕೆ ಹೋಗಿ ಸರಿಯಾದ ಭಾಗ ತಂದು ಹಾಕಿದ. ಈ ಸಲ ನೂರು ಹಾಳೆ ಬರುವವರೆಗೂ ನಿಂತು ನೋಡಿದ. ಆಮೇಲೆ ಪಾರವ್ವನ ಮನೆಗೆ ಹೋದ.

"ತಪ್ಪು ನಾನು ಹಾಕಿದ ಭಾಗದ್ದು. ನಿನ್ನ ಕೈಯದಲ್ಲ. ಕೆಲಸಕ್ಕೆ ಬಾ ತಾಯಿ" ಎಂದ.

ಪಾರವ್ವ ಅವನಿಗೆ ನೀರು ಕೊಟ್ಟಳು. "ಅಂದು ಎಲ್ಲರ ಮುಂದೆ ಹೇಳಿದ್ದಿರಿ ಅಣ್ಣಾ. ಇದನ್ನೂ ಅಲ್ಲಿಯೇ ಹೇಳಿದರೆ ಬರುತ್ತೇನೆ" ಎಂದಳು.

ಫಕೀರಪ್ಪ ಅವಳ ಜೊತೆಗೆ ಅಂಗಡಿಗೆ ಬಂದು, ಕಾಯುತ್ತಿದ್ದ ಜನರ ಮುಂದೆ ನಿಂತು, ಅದೇ ಮಾತು ಹೇಳಿದ. ಕಮಲಾಬಾಯಿ ಪಾರವ್ವನ ಕೈ ಹಿಡಿದು ಅವಳ ಕುರ್ಚಿಗೆ ಕರೆದೊಯ್ದಳು.

ಯಂತ್ರ ಆಮೇಲೆ ಕೆಡಲಿಲ್ಲ. ಆದರೆ ಎಷ್ಟೋ ದಿನ ಪಾರವ್ವ ಪ್ರತಿ ಹಾಳೆಯನ್ನೂ ಎರಡೇ ಬೆರಳಲ್ಲಿ ಮೆಲ್ಲಗೆ ಎತ್ತುತ್ತಿದ್ದಳು. ಎತ್ತುವ ಮೊದಲು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡುತ್ತಿದ್ದಳು. ಅಂಗಡಿಗೆ ಬಂದಾಗಲೆಲ್ಲ ಫಕೀರಪ್ಪ ಅದನ್ನು ಕಾಣುತ್ತಿದ್ದ. ಅದನ್ನು ಸರಿಮಾಡುವ ಬಗೆ ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ಬಲ್ಲವನು ಆ ಭಾಗವನ್ನೇ ಮೊದಲು ಏಕೆ ನೋಡಲಿಲ್ಲ?" ಎಂದು ಅಡವಯ್ಯ ಕೇಳಿದ.

"ಬಲ್ಲವನು ಎಂಬ ಹೆಸರಿತ್ತಲ್ಲ, ಅದಕ್ಕೇ. ಪಾಪ, ಅವನಿಗೂ ಭಯವಿತ್ತು."

ಅಡವಯ್ಯ ತಲೆದೂಗಿದ. ಗೌರವ್ವನ ಮಾತು ತೆಗೆಯಲು ಹೋಗಿ ತಡೆದುಕೊಂಡ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಕೇಳಿದರು:

"ಗೌರವ್ವ ಇಪ್ಪತ್ತು ವರ್ಷದಿಂದ ಒರಟಾಗಿಯೇ ಮಾತಾಡುತ್ತಾಳೆ, ಮಗು, ಹೆಂಗಸರು ಬರುವುದು ನಿಂತದ್ದು ಯಾವಾಗಿನಿಂದ?"