ಮಡಿವಾಳ ಒಗೆಯದ ಸೀರೆ

“ಮೇಷ್ಟ್ರೇ, ಮದ್ದೆಂದು ಬರೀ ನೀರು ಪಡೆದವರಿಗೆ ನಿಜ ಹೇಳಲೇಬೇಕೇ?”

ಕೇಳಿದವಳು ನಾಗವೇಣಿ, ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕಿರಿಯ ವೈದ್ಯೆ. ಕೇಳಿಸಿಕೊಂಡವರು ಪಂಪಾಪತಿ ಮೇಷ್ಟ್ರು. ಒಂದು ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ವಿದ್ಯೆಯನ್ನು ಅವಳಿಗೆ ಕಲಿಸಿದವರು ಅವರೇ. ಇಬ್ಬರೂ ಆಸ್ಪತ್ರೆಯ ಎದುರಿನ ಬುಡೇನ್ ಸಾಬರ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರ ಎರಡು ಹೊತ್ತಿನ ಚಹಾವೂ ಇಲ್ಲಿಗೇ ಬಂದಿತ್ತು. ಅದರ ಹಿಂದೆಯೇ ಪಾಠವೂ ಬಂದಿತ್ತು.

“ಮೂಗಿನ ವಿಷಯ ತಾನೇ?” ಎಂದರು ಮೇಷ್ಟ್ರು. “ಸರಿಯಾದ ಕಡೆ ಬಂದಿದ್ದೀಯ. ಈ ಸೀಮೆಯಲ್ಲಿ ನನ್ನಂಥ ಮೂಗು ಇನ್ನೊಂದಿಲ್ಲ. ಹೊಸಪೇಟೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಕೂತು ಇಂಗು ಯಾವ ಅಂಗಡಿಯದ್ದು ಅಂತ ಹೇಳಿಬಿಡುತ್ತೇನೆ. ಒಂದು ಸಂಸ್ಥಾನದ ಮಹಾರಾಜರು ಅತ್ತರು ಕೊಳ್ಳುವ ಮುಂಚೆ ನನಗೆ ಪಲ್ಲಕ್ಕಿ ಕಳಿಸುತ್ತಿದ್ದರು.”

ನಾಗವೇಣಿ ಹುಬ್ಬೇರಿಸಿದಳು.

“ಆಯಿತು, ಎಲ್ಲ ಸುಳ್ಳು. ಮಹಾರಾಜರೂ ಸುಳ್ಳು, ಪಲ್ಲಕ್ಕಿಯೂ ಸುಳ್ಳು, ಮೂಗೂ ಸುಳ್ಳು.” ಅವರು ಲೋಟ ಎತ್ತಿ ಒಂದು ಗುಟುಕು ಕುಡಿದರು. “ಆಹಾ! ಬುಡೇನ್, ಏಲಕ್ಕಿ ಎಂಥ ಘಮ ಅಂತೀಯ!”

“ಏಲಕ್ಕಿ ಎಲ್ಲಿಂದ ಬಂತು ಸಾರ್? ಅದು ಶುಂಠಿ,” ಎಂದರು ಬುಡೇನ್ ಸಾಬರು.

“ನಿನ್ನನ್ನು ಪರೀಕ್ಷೆ ಮಾಡಿದೆ ಕಣಯ್ಯಾ. ಪಾಸಾದೆ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾಗವೇಣಿಯೂ ನಕ್ಕಳು. ಮೇಷ್ಟ್ರ ಚೇಷ್ಟೆ ಯಾರಿಗೂ ಹೊಸದಲ್ಲ.

ಅವಳ ಸಂಕಟ ಇಷ್ಟು. ಹಿಂದಿನ ಮಳೆಗಾಲದಲ್ಲಿ ಊರಿಗೆ ಒಂದು ಜ್ವರ ಬಂದಿತ್ತು. ಜ್ವರ ಬಿಟ್ಟರೂ ಕೆಲವರಿಗೆ ಮೂಗು ಮರಳಲಿಲ್ಲ. ಹೂವೂ ಒಂದೇ, ಹೊಗೆಯೂ ಒಂದೇ. ಅಂಥವರಿಗೆ ನಾಗವೇಣಿ ಪುಟ್ಟ ಸೀಸೆಗಳನ್ನು ಹಂಚಿದ್ದಳು. ಅರ್ಧ ಜನರ ಸೀಸೆಯಲ್ಲಿ ಗಾಢ ವಾಸನೆಯ ಎಣ್ಣೆ, ಉಳಿದ ಅರ್ಧ ಜನರ ಸೀಸೆಯಲ್ಲಿ ನೀರು. ಎರಡು ಹೊತ್ತೂ ಮೂಸಬೇಕು. ಮೂಸುತ್ತ ಮೂಸುತ್ತ ಮೂಗು ಮತ್ತೆ ಕಲಿಯುತ್ತದೋ ಎಂದು ನೋಡುವುದು ಅವಳ ಅಧ್ಯಯನ. ಅದು ಈಗ ಮುಗಿದಿತ್ತು. ಎಣ್ಣೆ ಮೂಸಿದವರಲ್ಲಿ ಹಲವರಿಗೆ ಗುಣ ಕಂಡಿತ್ತು. ನಾಳೆ ನೀರಿನವರ ಮನೆಗಳಿಗೆ ಹೋಗಿ ನಿಜ ಹೇಳಿ ಎಣ್ಣೆಯ ಸೀಸೆ ಕೊಡಬೇಕು. ಅವರಲ್ಲಿ ತಿಪ್ಪಮ್ಮ ಎಂಬ ಮುದುಕಿ ಇದ್ದಳು. ನಾಗವೇಣಿ ಹೋದಾಗಲೆಲ್ಲ ಕೈ ಹಿಡಿದು, “ಸ್ವಲ್ಪ ಸ್ವಲ್ಪ ಬರ್ತಾ ಐತೆ ಮಗಳೇ. ನಿನ್ನೆ ಮಲ್ಲಿಗೆ ಬಂತು,” ಎನ್ನುತ್ತಿದ್ದಳು.

“ಆ ಅಜ್ಜಿಯ ಮುಖ ನೋಡಿ ಅದು ನೀರು ಅಂತ ಹೇಗೆ ಹೇಳಲಿ?” ಎಂದಳು ನಾಗವೇಣಿ.

ಮೇಷ್ಟ್ರು ಕಾಲು ಮಡಚಿ ಕುಳಿತರು. ಕತೆ ಬರುತ್ತದೆ ಎಂದು ಅವಳಿಗೆ ಗೊತ್ತಾಯಿತು.

“ಇದನ್ನು ನನ್ನ ಮುತ್ತಜ್ಜನಿಗೆ ಆ ವೈದ್ಯನೇ ಖುದ್ದಾಗಿ ಹೇಳಿದ್ದು. ಇಲ್ಲ, ಮುತ್ತಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ. ಯಾರು ಹೇಳಿದರೆ ಏನು, ಕೇಳು,” ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಮಡಿವಾಳನಿದ್ದ. ಅವನು ಬಟ್ಟೆಗೆ ಗುರುತು ಹಾಕುತ್ತಿರಲಿಲ್ಲ. ಮೂಸಿ ನೋಡಿ, ಇದು ಗೌಡರ ಪಂಚೆ, ಇದು ಪೂಜಾರಿಯ ಅಂಗವಸ್ತ್ರ, ಇದು ಅಕ್ಕಸಾಲಿಗನ ಹೆಂಡತಿಯ ಸೀರೆ ಎಂದು ವಿಂಗಡಿಸುತ್ತಿದ್ದ. ಒಮ್ಮೆಯೂ ತಪ್ಪುತ್ತಿರಲಿಲ್ಲ.

ಅವನ ಹೆಂಡತಿ ತೀರಿಕೊಂಡಳು. ಹಿಂದಿನ ಸಂಜೆ ಅವಳು ಉಟ್ಟು ಬಿಟ್ಟ ಸೀರೆ ಒಗೆಯುವ ರಾಶಿಯಲ್ಲಿತ್ತು. ಕರ್ಮಗಳೆಲ್ಲ ಮುಗಿದ ಮೇಲೆ ಮಡಿವಾಳ ರಾಶಿಯನ್ನು ಹೊಳೆಗೆ ಒಯ್ದ. ಒಂದೊಂದನ್ನೇ ಕಲ್ಲಿಗೆ ಬಡಿದ. ಆ ಸೀರೆ ಕೈಗೆ ಬಂತು. ಮೂಗಿಗೆ ಹಿಡಿದ. ಸೀಗೆಕಾಯಿ ಇತ್ತು, ಒಲೆಯ ಹೊಗೆ ಇತ್ತು. ಅವೆರಡರ ಹಿಂದೆ ಇನ್ನೊಂದು ಇತ್ತು. ಅದಕ್ಕೆ ಹೆಸರಿರಲಿಲ್ಲ. ಅದು ಅವಳು.

ಊರಿನ ಕೊಳೆಯನ್ನೆಲ್ಲ ಹೊಳೆಗೆ ಬಿಟ್ಟವನು ಅದೊಂದನ್ನು ಬಿಡಲಿಲ್ಲ. ಸೀರೆಯನ್ನು ಮಡಿಸಿ ಉಪ್ಪಿನಕಾಯಿಯ ಹೊಸ ಭರಣಿಯೊಂದಕ್ಕೆ ಹಾಕಿದ. ಬಾಯಿಗೆ ಬಟ್ಟೆ ಕಟ್ಟಿದ. ತೆರೆದಷ್ಟೂ ವಾಸನೆ ಹೋಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಅಮಾವಾಸ್ಯೆಗೊಮ್ಮೆ ಮಾತ್ರ ಗಂಟು ಸಡಿಲಿಸಿ, ಒಂದು ಉಸಿರು ಎಳೆದು, ಮತ್ತೆ ಕಟ್ಟುತ್ತಿದ್ದ. ಮುಂದಿನ ಅಮಾವಾಸ್ಯೆಯವರೆಗೂ ಆ ಒಂದು ಉಸಿರಿನಲ್ಲೇ ಬದುಕುತ್ತಿದ್ದ. ದಿನಾ ಭರಣಿಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. ಎಷ್ಟೋ ಸಲ ಕೈ ಗಂಟಿನವರೆಗೆ ಹೋಗುತ್ತಿತ್ತು. ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಆಮೇಲೆ ಊರಿಗೆ ಜ್ವರ ಬಂತು. ಮಡಿವಾಳ ಬದುಕಿಕೊಂಡ. ಎದ್ದ ಮೇಲೆ ಗೌಡರ ಪಂಚೆಯನ್ನು ಪೂಜಾರಿಗೆ ಕೊಟ್ಟ, ಪೂಜಾರಿಯ ಅಂಗವಸ್ತ್ರವನ್ನು ಕಟುಕನ ಮನೆಗೆ ಕೊಟ್ಟ. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಅವನು ಆ ಗದ್ದಲಕ್ಕೆ ಹೆದರಲಿಲ್ಲ. ಮನೆಗೆ ಓಡಿಬಂದು ಭರಣಿ ಬಿಚ್ಚಿದ. ಉಸಿರು ಎಳೆದ.

ಏನೂ ಇರಲಿಲ್ಲ.

ಹೋಗಿದ್ದು ತನ್ನ ಮೂಗೋ, ಅವಳೋ? ಅವನಿಗೆ ತಿಳಿಯಲಿಲ್ಲ. ಅವನ ತಂಗಿ ಗಂಡನ ಮನೆಯಿಂದ ನೋಡಲು ಬಂದಿದ್ದಳು. ಭರಣಿಯನ್ನು ಅವಳ ಮುಂದೆ ಹಿಡಿದ. ಅವಳು ಮೂಗು ಮುಚ್ಚಿಕೊಂಡು, “ಅಯ್ಯೋ ಅಣ್ಣಾ, ಬರೀ ಮುಗ್ಗಲು! ಒಗೆದು ಹಾಕಬಾರದೇ?” ಎಂದಳು. ಎರಡು ದಿನ ಇದ್ದು ಹೊರಟುಹೋದಳು.

ಆ ಊರಿಗೆ ಒಬ್ಬ ವೈದ್ಯನಿದ್ದ. ನಿನ್ನ ಹಾಗೆ ಓದಿದವನು. ಅವನೂ ಎಣ್ಣೆ ತುಂಬಿದ ಸೀಸೆ, ನೀರು ತುಂಬಿದ ಸೀಸೆ ಮಾಡಿಸಿದ. ತುಂಬಿದವನು ಬೇರೆ, ಹಂಚಿದವನು ಬೇರೆ. ಯಾರಿಗೆ ಯಾವುದು ಹೋಯಿತೆಂದು ವೈದ್ಯನಿಗೂ ಗೊತ್ತಿರಲಿಲ್ಲ. ವಾಸನೆ ತಿಳಿಯದವರಿಗೆ ವಾಸನೆಯ ಸೀಸೆ, ಯಾವುದು ನಿಜ ಎಂದು ಹೇಗೆ ತಾನೇ ಗೊತ್ತಾದೀತು? ಇಷ್ಟು ಚೊಕ್ಕವಾದ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ ಎಂದು ಅವನು ಒಳಗೊಳಗೇ ಹಿಗ್ಗಿದ. ಬೆಳಿಗ್ಗೆ ಸಂಜೆ ಮೂಸಿ, ಮೂಸುವಾಗ ನಿಮಗೆ ಬೇಕಾದ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಿ ಎಂದು ಹೇಳಿಕಳಿಸಿದ.

ಒಂದನ್ನು ಮಾತ್ರ ಮರೆತಿದ್ದ. ರೋಗಿಗೆ ಮೂಗಿಲ್ಲ ನಿಜ. ಮನೆಯವರಿಗೆ ಇದೆಯಲ್ಲ?

ನಾಗವೇಣಿ ತಟ್ಟನೆ ತಲೆ ಎತ್ತಿದಳು. “ನಾವು ಕೋಣೆಯ ಬಾಗಿಲು ಹಾಕಿಕೊಂಡು ಮೂಸಲು ಹೇಳಿದ್ದೆವು, ಮೇಷ್ಟ್ರೇ.”

“ಹಾಕಿಕೊಂಡರೇ?”

ಅವಳು ತಾನು ಸೀಸೆ ಕೊಟ್ಟ ಮನೆಗಳನ್ನು ಒಂದೊಂದಾಗಿ ನೆನೆದಳು.

“ಆ ಊರಿನಲ್ಲಿ ಯಾರೂ ಹಾಕಿಕೊಳ್ಳಲಿಲ್ಲ,” ಎಂದು ಮೇಷ್ಟ್ರು ಮುಂದುವರಿಸಿದರು.

ಮೊದಲನೆಯ ದಿನವೇ ಗೌಡರ ಹೆಂಡತಿ ಗಂಡನ ಸೀಸೆ ಕಿತ್ತುಕೊಂಡು ಮೂಸಿದಳು. “ಇದು ನಮ್ಮ ಬಾವಿಯ ನೀರು ಕಣ್ರೀ,” ಎಂದಳು. ಪೂಜಾರಿಯ ಮನೆಯ ಸೊಸೆ, “ಮಾವಾ, ನಿಮ್ಮದರಲ್ಲಿ ಲವಂಗ ಇದೆ,” ಎಂದಳು. ಗೌಡ ತನ್ನ ನೀರು ಚೆಲ್ಲಿ ಪೂಜಾರಿಯ ಮನೆಗೆ ಮೂಸಲು ಹೋದ. ಅವನ ಹಿಂದೆ ಇನ್ನೂ ನಾಲ್ವರು ಹೋದರು. ನೀರಿನವರೆಲ್ಲ ಎಣ್ಣೆಯವರ ಜಗಲಿಯ ಮೇಲೆ ಸಾಲಾಗಿ ಕುಳಿತರು. ಪರೀಕ್ಷೆ ಕೆಟ್ಟಿತು. ಅದು ಕೆಟ್ಟ ಸಂಗತಿ ಊರಿಗೆಲ್ಲ ಗೊತ್ತಾಯಿತು, ವೈದ್ಯನೊಬ್ಬನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಒಂದು ಮನೆಯಲ್ಲಿ ಮಾತ್ರ ಅದು ಕೆಡಲಿಲ್ಲ. ಮಡಿವಾಳನ ಮನೆಯಲ್ಲಿ ಮೂಗಿದ್ದವರು ಯಾರೂ ಇರಲಿಲ್ಲ.

ಮೇಷ್ಟ್ರು ಮಾತು ನಿಲ್ಲಿಸಿದರು. “ನಿನ್ನ ತಿಪ್ಪಮ್ಮನ ಮನೆಯಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ,” ಎಂದಳು ನಾಗವೇಣಿ.

ಬುಡೇನ್ ಸಾಬರು ಯಾರೂ ಕೇಳದೆಯೇ ಇನ್ನೊಂದು ಲೋಟ ಚಹಾ ತಂದಿಟ್ಟು ಹೋದರು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ.

ಮಡಿವಾಳ ಎರಡು ಹೊತ್ತೂ ತನ್ನ ಸೀಸೆ ಮೂಸಿದ. ಬೇಕಾದ ವಾಸನೆಯನ್ನು ನೆನೆಯಬೇಕಲ್ಲ, ನೆನೆದ. ಅವಳು ನೀರೊಲೆಗೆ ಸೌದೆ ತಳ್ಳುವುದನ್ನು ನೆನೆದ. ಒದ್ದೆ ತಲೆಯನ್ನು ಬಿಸಿಲಿಗೆ ಹರಡಿಕೊಂಡು ಕೂರುವುದನ್ನು ನೆನೆದ. ಅವನಷ್ಟು ನಿಯಮದಿಂದ ಆ ಊರಿನಲ್ಲಿ ಯಾರೂ ಮೂಸಲಿಲ್ಲ. ಅಮಾವಾಸ್ಯೆಗಳು ಬಂದವು, ಹೋದವು. ಭರಣಿಯನ್ನು ಮಾತ್ರ ತೆರೆಯಲಿಲ್ಲ. ಮೂಗು ಬಂದ ದಿನ ತೆರೆಯುತ್ತೇನೆ ಎಂದುಕೊಂಡ.

ಅವಧಿ ಮುಗಿಯಿತು. ಆಗ ವೈದ್ಯ ಯಾರಿಗೆ ಯಾವುದು ಹೋಗಿತ್ತೆಂದು ಕೇಳಿ ತಿಳಿದುಕೊಂಡ. ಎಣ್ಣೆಯ ಸೀಸೆ ಹಿಡಿದು ಮಡಿವಾಳನ ಮನೆಗೆ ಬಂದ. ಮಡಿವಾಳ ಬಾಗಿಲಲ್ಲೇ ನಿಂತಿದ್ದ.

“ಬಂದಳು ಸ್ವಾಮಿ,” ಎಂದ. “ನಿಮ್ಮ ಸೀಸೆಯಲ್ಲಿ ಬಂದಳು. ಇವತ್ತು ಬೆಳಿಗ್ಗೆಯೂ ಬಂದಳು.”

ವೈದ್ಯ ಅವನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಇಂಗು ಹಿಡಿದ. ಏನು ಎಂದು ಕೇಳಿದ. ಏನೂ ಇಲ್ಲ ಎಂದ ಮಡಿವಾಳ. ಬೆಳ್ಳುಳ್ಳಿ ಜಜ್ಜಿ ಹಿಡಿದ. ಏನೂ ಇಲ್ಲ.

ವೈದ್ಯ ಎಣ್ಣೆಯ ಸೀಸೆಯನ್ನು ಪಕ್ಕಕ್ಕಿಟ್ಟು ಕುಳಿತ. ಹೇಳಿದರೆ ಸೀಸೆಯೊಳಗಿನ ಅವಳು ಈ ಕ್ಷಣವೇ ಹೋಗುತ್ತಾಳೆ. ಹೇಳದಿದ್ದರೆ ಅವನಿಗೆ ಎಣ್ಣೆ ಸಿಗುವುದಿಲ್ಲ, ಮೂಗು ಬರುವುದಿಲ್ಲ, ಆ ಭರಣಿ ಎಂದೂ ತೆರೆಯುವುದಿಲ್ಲ. ಎರಡೂ ಕಡೆಯಿಂದ ಅವಳನ್ನು ಕಳೆಯುವವನು ತಾನೇ.

ಕೊನೆಗೆ ಹೇಳಿದ. “ನಿನಗೆ ಕೊಟ್ಟದ್ದು ನೀರು.”

ಮಡಿವಾಳ ಸೀಸೆಯನ್ನು ನೋಡಿದ. ಕೋಪ ಮಾಡಲಿಲ್ಲ. ಅಳಲಿಲ್ಲ. ಒಳಗೆ ಹೋಗಿ ಭರಣಿ ಎತ್ತಿಕೊಂಡು ಬಂದು ವೈದ್ಯನ ಮುಂದೆ ಇಟ್ಟ. ಗಂಟಿಗೆ ಕೈ ಹಾಕಿದ.

“ನಿಮ್ಮ ಮೂಗು ಸರಿಯಿದೆಯಲ್ಲ ಸ್ವಾಮಿ,” ಎಂದ. “ಒಂದೇ ಉಸಿರು. ನೋಡಿ ಹೇಳಿ. ಒಳಗೆ ಇದ್ದಾಳೋ?”

ವೈದ್ಯ ಅವಳನ್ನು ಒಮ್ಮೆಯೂ ಕಂಡವನಲ್ಲ. ಗಂಟು ಬಿಚ್ಚಿದೊಡನೆ ಭರಣಿಗೆ ಬಗ್ಗಿದ. ಒಂದು ಉಸಿರು ಎಳೆದ. ತಕ್ಷಣ ಭರಣಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

“ಮುಗ್ಗಲು ಇದೆ,” ಎಂದ. “ಸೀಗೆಕಾಯಿ ಇದೆ. ಹೊಗೆ ಇದೆ. ಅವುಗಳ ಹಿಂದೆ ಇನ್ನೊಂದೇನೋ ಇದೆ. ಅದರ ಹೆಸರು ನನಗೆ ಗೊತ್ತಿಲ್ಲ.”

ಮಡಿವಾಳ ಬಟ್ಟೆಯನ್ನು ಎರಡು ಸುತ್ತು ಬಿಗಿದು ಕಟ್ಟಿದ. ಕಣ್ಣು ಒರೆಸಿಕೊಂಡ. ಕೈ ಚಾಚಿದ.

“ಹಾಗಾದರೆ ಎಣ್ಣೆ ಕೊಡಿ. ಬೇಗ ಕೊಡಿ. ಅವಳು ಹೋಗುವ ಮುಂಚೆ ನಾನು ಬಂದು ಮುಟ್ಟಬೇಕು.”

ಮೇಷ್ಟ್ರು ಮಡಚಿದ ಕಾಲನ್ನು ಕೆಳಗೆ ಬಿಟ್ಟರು.

ರಸ್ತೆಯಲ್ಲಿ ಒಂದು ಆಂಬುಲೆನ್ಸ್ ಸದ್ದಿಲ್ಲದೆ ಆಸ್ಪತ್ರೆಯ ಗೇಟಿನೊಳಗೆ ಹೋಯಿತು. ನಾಗವೇಣಿ ಅದನ್ನು ನೋಡುತ್ತ ತಿಪ್ಪಮ್ಮನ ಮಲ್ಲಿಗೆಯನ್ನು ನೆನೆದಳು. ಅದು ಯಾವ ಮಲ್ಲಿಗೆ, ಯಾರು ಮುಡಿಸಿದ್ದು ಎಂದು ತಾನು ಒಂದು ದಿನವೂ ಕೇಳಿರಲಿಲ್ಲ. ನಾಳೆ ಹೋದಾಗ ಎಣ್ಣೆಯ ಸೀಸೆ ಕೊಟ್ಟು ಎದ್ದು ಬರುವಂತಿಲ್ಲ, ಸ್ವಲ್ಪ ಹೊತ್ತು ಕೂರಬೇಕು ಎನ್ನಿಸಿತು.

“ವೈದ್ಯ ಹೇಳಿದ್ದು ನಿಜವೇ ಮೇಷ್ಟ್ರೇ?” ಎಂದು ಕೇಳಿದಳು. “ಹೆಸರಿಲ್ಲದ ಆ ವಾಸನೆ ಅವನಿಗೆ ನಿಜವಾಗಿಯೂ ಬಂತೇ? ಇಲ್ಲ, ಸಮಾಧಾನಕ್ಕೆ ಹೇಳಿದನೇ?”

“ಮಡಿವಾಳ ಅದನ್ನು ಕೇಳಲಿಲ್ಲ,” ಎಂದರು ಮೇಷ್ಟ್ರು.

“ಅವನ ಮೂಗು? ಆಮೇಲೆ ಬಂತೇ?”

ಮೇಷ್ಟ್ರು ಎಂದಿನಂತೆ ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಎರಡನೆಯ ಲೋಟವನ್ನು ಎತ್ತಿ ಮೂಗಿನ ಬಳಿ ಹಿಡಿದರು. ಕಣ್ಣು ಮುಚ್ಚಿದರು. ಒಂದು ಉಸಿರು ಎಳೆದರು. ಹೋದ ಮಳೆಗಾಲದ ಜ್ವರದಲ್ಲಿ ಮೇಷ್ಟ್ರೂ ಮಲಗಿದ್ದರು ಎಂಬುದು ನಾಗವೇಣಿಗೆ ಆಗ ನೆನಪಾಯಿತು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಷ್ಟ್ರು ಕಣ್ಣು ಬಿಟ್ಟು ಲೋಟವನ್ನು ಅವಳ ಕಡೆಗೆ ಸರಿಸಿದರು.

“ಇವತ್ತಿನ ಚಹಾದ ದುಡ್ಡು ನೀನೇ ಕೊಡು ತಾಯಿ, ಕೊಡುವ ಮುಂಚೆ ಒಮ್ಮೆ ಮೂಸಿ ಹೇಳು, ಇದಕ್ಕೆ ಹಾಕಿರುವುದು ಶುಂಠಿಯೋ ಏಲಕ್ಕಿಯೋ, ನಮ್ಮ ಮನೆಯಲ್ಲಿ ಹೇಳುವವರಿಲ್ಲ.”