ನೋವಿನ ಮನೆ ಹುಡುಕಿದ ತಿಪ್ಪೇಶಿ

ಕೈಕಾಲು ಚಾಚಿಕೊಂಡು ಕೂತ್ಕೊಳ್ಳಿ. ಮಂಡಿ ಹಿಡಿದೋರು ಗೋಡೆಗೆ ಒರಗಿ, ಬೆನ್ನು ಹಿಡಿದೋರು ದಿಂಬು ತಗೊಳ್ಳಿ. ಹೇಳ್ತೀನಿ ಕೇಳಿ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಓಣಿ ಐತಲ್ಲ, ಅಲ್ಲಿ ಕೊಟ್ರಮ್ಮ ಅಂತ ಒಬ್ಬಾಕೆ. ಗಂಡ ಇಲ್ಲ, ಒಬ್ಬನೇ ಮಗ. ಹೆಸರು ತಿಪ್ಪೇಶಿ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ ಮಾತು ಕೇಳ್ತಿರಲಿಲ್ಲ ಅಂತಲ್ಲ, ಕೇಳ್ತಿದ್ದ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ! ಅದೇ ತಾಪತ್ರಯ. "ಬಾಗಿಲು ನೋಡ್ಕೋ" ಅಂದರೆ ಬಾಗಿಲ ಮುಂದೆ ಕೂತು ಕಣ್ಣು ಮಿಟುಕಿಸದೆ ಬಾಗಿಲನ್ನೇ ನೋಡೋನು. ಹಿತ್ತಲಿಂದ ನಾಯಿ ಬಂದು ರೊಟ್ಟಿ ಕಚ್ಚಿಕೊಂಡು ಹೋಗೋದು. ಸಾಲದ್ದಕ್ಕೆ ಅವನಿಗೊಂದು ಚಟ. ಏನು ಕಂಡರೂ ಯಾಕೆ, ಹೆಂಗೆ, ಎಲ್ಲಿಂದ ಅಂತ ಕೇಳಬೇಕು.

"ನಿನ್ನ ಕಟ್ಕೊಂಡು ನಾನು ಏನ್ಲೇ ಮಾಡ್ಲಿ!" ಅಂತ ಕೊಟ್ರಮ್ಮ ಹಣೆ ಚಚ್ಚಿಕೊಳ್ಳೋಳು.

ಒಂದು ದಿನ ಹಣೆ ಚಚ್ಚಿಕೊಳ್ಳೋಕೂ ಆಗಲಿಲ್ಲ. ಬಲಗೈ ಮೇಲೆ ಬರಲಿಲ್ಲ!

ಆಕೆ ಗನಿ ಸಾಹೇಬರ ಭಟ್ಟಿಯಲ್ಲಿ ಜರಡಿ ಹಿಡಿಯೋ ಕೆಲಸದಾಕೆ. ಕಾದ ಮರಳಲ್ಲಿ ಮಂಡಕ್ಕಿ ಅರಳಿದ ತಕ್ಷಣ ಜರಡಿಗೆ ಎತ್ತಿ, ಮರಳು ಕೆಳಗೆ ಮಂಡಕ್ಕಿ ಮೇಲೆ ಉಳಿಯೋ ಹಾಗೆ ಒದರಬೇಕು. ಮೊದಮೊದಲು ಭುಜದಲ್ಲಿ ಚುಳುಕ್ ಅನ್ನೋದು. ಆಮೇಲೆ ಕುಬುಸದ ತೋಳು ಏರಿಸೋಕೆ ಆಗದು, ಜಡೆ ಹಾಕಿಕೊಳ್ಳೋಕೆ ಆಗದು. ಕಡೆಗೆ ಜರಡಿಯೇ ಕೈಯಿಂದ ಜಾರಿತು.

ಗನಿ ಸಾಹೇಬರು ಒಳ್ಳೇ ಮನುಷ್ಯರು. "ಕೊಟ್ರಮ್ಮ, ಮೊದಲು ಕೈ ತೋರಿಸ್ಕೋ. ಆದರೆ ದೀಪಾವಳಿಗೆ ಭಟ್ಟಿ ತುಂಬಾ ಕೆಲಸ ಇರುತ್ತೆ. ಅಷ್ಟರಾಗೆ ನೀನು ಬರದಿದ್ರೆ ಬೇರೆಯೋರನ್ನ ಹಾಕ್ಕೋಬೇಕಾಗುತ್ತೆ" ಅಂದರು.

ತಾಯಿ ಮಗ ಆಸ್ಪತ್ರೆಗೆ ಹೋದರು. ದೊಡ್ಡ ಡಾಕ್ಟರು ನೋಡಿ, ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿದ್ದವರು ಪ್ರಫುಲ್ಲಾ ಮೇಡಂ. ತಿಪ್ಪೇಶಿ ಕಣ್ಣು ಅರಳಿತು! ಗೋಡೆಯಲ್ಲಿ ರಾಟೆ, ರಾಟೆಗೆ ಹಗ್ಗ, ಹಗ್ಗ ಹಿಡಿದು ಜಗ್ಗೋರು. ಒಂದು ಮೂಲೆಯಲ್ಲಿ ಚಕ್ರವೇ ಇಲ್ಲದ ಸೈಕಲ್ಲು, ಅದರ ಮೇಲೊಬ್ಬ ಅಜ್ಜ.

"ಮೇಡಂ, ಈ ಸೈಕಲ್ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲಪ್ಪ."

"ಮತ್ತೆ ಅಜ್ಜ ಯಾಕೆ ಅಷ್ಟು ಅವಸರದಾಗೆ ತುಳೀತಿದ್ದಾರೆ?"

ಮೇಡಂ ನಕ್ಕು, ಕೊಟ್ರಮ್ಮನ ಕೈಯನ್ನ ಮೆಲ್ಲಗೆ ಎತ್ತಿ, ಇಳಿಸಿ, ತಿರುಗಿಸಿ ನೋಡಿದರು. "ಭುಜದ ಕೀಲಿನ ಸುತ್ತ ಚೀಲದ ಹಾಗೆ ಒಂದು ಪೊರೆ ಇರುತ್ತೆ ಕಣಮ್ಮ. ಅದು ಕುಗ್ಗಿ ಬಿಗಿದುಕೊಂಡಿದೆ. ಬರೀ ಮಾತ್ರೆ ನುಂಗಿ ಮಲಗಿದರೆ ಕೈ ಬರಲ್ಲ. ದಿನಾ ಸ್ವಲ್ಪ ಸ್ವಲ್ಪ ಆಡಿಸಿ ಸಡಿಲ ಮಾಡಬೇಕು. ನಿಧಾನ ಆಗುತ್ತೆ, ಆದರೆ ಆಗುತ್ತೆ."

"ಮೇಡಂ, ನೋವು ಇರೋದು ಎಲ್ಲಿ?" ಅಂದ ತಿಪ್ಪೇಶಿ.

"ನಿಮ್ಮಮ್ಮನ್ನೇ ಕೇಳು. ಎಲ್ಲಿ ನೋವು ಅಂತಾರೋ ಅಲ್ಲಿ ಶಾಖ ಕೊಡು."

"ಸರಿ ಮೇಡಂ, ಹಂಗೇ ಮಾಡ್ತೀನಿ!"

ಮನೆಗೆ ಬಂದ. "ಅವ್ವ, ಎಲ್ಲಿ ನೋವು?"

ಕೊಟ್ರಮ್ಮ ಗೋಡೆಯ ಹಲಗೆ ಮೇಲಿದ್ದ ಉಪ್ಪಿನ ಡಬ್ಬಿಗೆ ಕೈ ಚಾಚಿ ಸೋತು ನಿಂತಿದ್ದಳು. "ಅಗೋ, ಆ ಹಲಗೆ ಹತ್ರ ಕೈ ಹೋದ್ರೆ ಸಾಕು, ಅಲ್ಲೇ ನೋವು ಕಣಲೇ!" ಅಂದವಳೇ ಅಂಗಡಿಗೆ ಹೋದಳು.

ತಿಪ್ಪೇಶಿ ಹಲಗೆ ನೋಡಿದ. ಓಹೋ! ಭುಜದಾಗೆ ಐತೆ ಅಂತ ಅವ್ವ ಮೋಸ ಹೋಗ್ಯಾಳೆ. ನೋವು ಇಲ್ಲಿ ಬಂದು ಅಡಗಿ ಕೂತೈತೆ! ಸ್ಟೂಲಿನ ಮೇಲೆ ಕೆಂಡದ ಒಲೆ ಇಟ್ಟ. ಹಲಗೆಗೆ ಚೆನ್ನಾಗಿ ಶಾಖ ಕೊಟ್ಟ. ಹಲಗೆ ಮೇಲೆ ಬೆಲ್ಲದ ಅಚ್ಚು ಇತ್ತು. ಕರಗಿತು, ಗೋಡೆ ಇಳಿಯಿತು, ನೆಲಕ್ಕೆ ಬಂತು, ಹೊಸ್ತಿಲವರೆಗೂ ಹರಿಯಿತು.

ಕೊಟ್ರಮ್ಮ ಬಂದಳು. "ಏನ್ಲೇ ಇದು!"

"ಅವ್ವ, ನೋವು ಕರಗಿ ಹರೀತಾ ಐತೆ! ನೆಕ್ಕಿ ನೋಡ್ದೆ, ಸಿಹಿ ಐತೆ! ನೋವು ಇಷ್ಟು ರುಚಿ ಅಂತ ನಂಗೆ ಗೊತ್ತೇ ಇರಲಿಲ್ಲ!"

"ನಿನ್ನ ಮುಖ ಮುಚ್ಚ! ಹಲಗೆಗೆ ನೋವಾಗುತ್ತೇನ್ಲೇ? ಯಾರು 'ಅಯ್ಯೋ' ಅಂತಾರೋ ಅವರಿಗೆ ಶಾಖ ಕೊಡಬೇಕು, ಮಂಕೇ!"

"ಸರಿ ಅವ್ವ, ಇನ್ನೊಂದು ಸಲ ಹಂಗೇ ಮಾಡ್ತೀನಿ!"

ಅಷ್ಟೊತ್ತಿಗೆ ಸರಿಯಾಗಿ ಗನಿ ಸಾಹೇಬರು ಕೊಟ್ರಮ್ಮನ ಕೈ ಹೆಂಗೈತೆ ವಿಚಾರಿಸೋಣ ಅಂತ ಬಂದರು. ಹೊಸ್ತಿಲ ಮೇಲೆ ಕಾಲಿಟ್ಟರು. ಬೆಲ್ಲ! ಸರ್ರನೆ ಜಾರಿದರು, ಪಾದ ಹೊರಳಿತು, ದೊಪ್ಪನೆ ಕೂತರು.

"ಅಯ್ಯೋ!"

ಅಂದೇಬಿಟ್ಟರಲ್ಲ! ತಿಪ್ಪೇಶಿ ತಡ ಮಾಡಲಿಲ್ಲ. ಕುದಿಯೋ ನೀರಲ್ಲಿ ಬಟ್ಟೆ ಅದ್ದಿ ತಂದು ಪಾದದ ಕೀಲಿಗೆ ಒತ್ತಿದ.

"ಅಯ್ಯಯ್ಯೋ!" ಅಂದರು ಸಾಹೇಬರು.

ಎರಡು ಸಲ ಅಂದರು ಅಂತ ಇವನು ಎರಡು ಸಲ ಒತ್ತಿದ. ನೋಡ್ತಾ ನೋಡ್ತಾ ಕಾಲು ಬೂದುಗುಂಬಳ ಆಯಿತು. ಆಟೋ ತರಿಸಿ ಮೇಡಂ ಹತ್ತಿರ ಸಾಗಿಸಿದರು. ಮೂಳೆ ಮುರಿದಿಲ್ಲ ಅಂತ ಗೊತ್ತಾಗೋವರೆಗೂ ಯಾರಿಗೂ ಉಸಿರಿಲ್ಲ.

"ಈಗ ತಾನೇ ಉಳುಕಿದ್ದಕ್ಕೆ ಬಿಸಿ ಒತ್ತುತ್ತಾರೇನೋ?" ಅಂತ ಮೇಡಂ ರೇಗಿದರು. "ಒಳಗೆ ರಕ್ತ ನುಗ್ಗಿ ಇನ್ನೂ ಊದುತ್ತೆ! ಹಳೇ ಬಿಗಿತಕ್ಕೆ ಶಾಖ. ಹೊಸ ಪೆಟ್ಟಿಗೆ ಮಂಜುಗಡ್ಡೆ ಇಟ್ಟು, ಬಟ್ಟೆ ಬಿಗಿಯಾಗಿ ಸುತ್ತಿ, ಎತ್ತರದಲ್ಲಿ ಇಡಬೇಕು. ಆಗ ಊತ ಇಳಿಯುತ್ತೆ. ತಿಳೀತಾ?"

"ತಿಳೀತು ಮೇಡಂ. ಇನ್ನೊಂದು ಸಲ ಹಂಗೇ ಮಾಡ್ತೀನಿ!"

ದಾರಿಯುದ್ದಕ್ಕೂ ಹೇಳಿಕೊಂಡೇ ಬಂದ. ಹೊಸ ಪೆಟ್ಟಿಗೆ ಮಂಜುಗಡ್ಡೆ, ಹೊಸ ಪೆಟ್ಟಿಗೆ ಮಂಜುಗಡ್ಡೆ. ಭಟ್ಟಿಯಲ್ಲಿ ನೋಡ್ತಾನೆ, ಹೊಸ ಪೆಟ್ಟಿಗೆ! ಸಾಹೇಬರು ಮಗಳ ಗಂಡನ ಮನೆಗೆ ಅಂತ ಹೊಸ ತಗಡಿನ ಪೆಟ್ಟಿಗೆ ತರಿಸಿ, ಒಳಗೆ ಮಲ್ಲಿಗೆಯಂಥ ಮಂಡಕ್ಕಿ ತುಂಬಿಸಿ ಇಟ್ಟಿದ್ದರು.

ಇದಕ್ಕೇನು ಕಾಯಿಲೆಯೋ ಪಾಪ, ಅಂದುಕೊಂಡ ತಿಪ್ಪೇಶಿ. ಮುಚ್ಚಳ ತೆಗೆದು ನೋಡಿದ. ಅಬ್ಬಾ, ಒಳಗೆಲ್ಲ ಊದಿಕೊಂಡೈತೆ! ಶರಬತ್ತಿನ ಗಾಡಿಗೆ ಓಡಿ ಮಂಜುಗಡ್ಡೆ ತಂದ. ಒಳಗೂ ಇಟ್ಟ, ಮೇಲೂ ಇಟ್ಟ. ಸಾಹೇಬರ ಶಾಲು ಬಿಗಿಯಾಗಿ ಸುತ್ತಿದ. ಏಣಿ ಹಾಕಿ ಭಟ್ಟಿಯ ತಗಡಿನ ಮಾಡಿನ ಮೇಲೆ ಮಲಗಿಸಿದ.

ಸಾಹೇಬರು ಕುಂಟ್ತಾ ಬಂದರು. "ನನ್ನ ಪೆಟ್ಟಿಗೆ ಎಲ್ಲಿ?"

"ಎತ್ತರದಲ್ಲಿ ಮಲಗೈತೆ ಸಾಹೇಬ್ರೇ! ಏಳಿಸಬೇಡಿ!"

ಇಳಿಸಿ ತೆಗೆದರೆ ಏನಿದೆ? ಪೆಟ್ಟಿಗೆ ತುಂಬಾ ಇದ್ದ ಮಂಡಕ್ಕಿ ತಳದಲ್ಲಿ ಹಿಟ್ಟಿನ ಮುದ್ದೆಯಾಗಿ ಕೂತಿದೆ!

"ನೋಡ್ರಿ, ಊತ ಪೂರ್ತಿ ಇಳಿದೈತೆ!" ಅಂದ ತಿಪ್ಪೇಶಿ.

ಗನಿ ಸಾಹೇಬರು, ಗದ್ದಲ ಕೇಳಿ ಓಡಿಬಂದ ಕೊಟ್ರಮ್ಮನ ಕಡೆ ತಿರುಗಿ, "ದೀಪಾವಳಿ. ಅದರಾಚೆಗೆ ನಾನು ಕಾಯಲ್ಲ" ಅಂದು ಹೋದರು.

ಆವತ್ತು ಕೊಟ್ರಮ್ಮ ಬಯ್ಯಲಿಲ್ಲ. ಕನ್ನಡಿ ಮುಂದೆ ಕೂತು ಎಡಗೈ ಒಂದರಲ್ಲೇ ಕೂದಲು ಗಂಟು ಹಾಕೋಕೆ ನೋಡಿದಳು. ಗಂಟು ಬಿಚ್ಚಿಕೊಂಡಿತು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿತು. ಕಣ್ಣಲ್ಲಿ ನೀರು. ತಿಪ್ಪೇಶಿ ಬಂದು ಹಿಂದೆ ಕೂತು ತಾನೇ ಜಡೆ ಹಾಕಿದ. ಹೋರಿಗೆ ಹಗ್ಗ ಹೆಣೆದ ಹಾಗೆ ಹಾಕಿದ, ಆದರೂ ಹಾಕಿದ.

"ಲೇ ತಿಪ್ಪ, ನೀನಾಗಿ ಏನೂ ಯೋಚನೆ ಮಾಡಬೇಡ. ಮೇಡಂ ಏನು ಹೇಳ್ತಾರೋ ಅಷ್ಟೇ ಮಾಡು."

"ಸರಿ ಅವ್ವ, ಹಂಗೇ ಮಾಡ್ತೀನಿ."

ಮತ್ತೆ ಮೇಡಂ ಹತ್ತಿರ ಹೋದರು. ಮೇಡಂ ಕೊಟ್ರಮ್ಮನನ್ನ ಗೋಡೆ ಮುಂದೆ ನಿಲ್ಲಿಸಿದರು. "ಬೆರಳುಗಳು ಇರುವೆ ಥರ ಗೋಡೆ ಹತ್ತಬೇಕು. ಮೆಲ್ಲಗೆ, ಮೆಲ್ಲಗೆ. ನೋವು ಸಾಕು ಅಂದ ಕಡೆ ನಿಲ್ಲಿಸಿ. ನೋವಿನ ಜೊತೆ ಜಗಳ ಆಡಬಾರದು, ಅದರ ಮಾತು ಕೇಳಬೇಕು." ತಿಪ್ಪೇಶಿ ಕಡೆ ತಿರುಗಿ, "ನೀನು ದಿನಾ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗೀಟು ಹಾಕು. ಗೀಟು ದಿನದಿಂದ ದಿನಕ್ಕೆ ಮೇಲೆ ಹೋಗಬೇಕು."

ಮನೆಯಲ್ಲಿ ಕೊಟ್ರಮ್ಮ ಗೋಡೆಗೆ ಬೆರಳಿಟ್ಟಳು. ತಿಪ್ಪೇಶಿ ಬಂದು ಆಕೆಯ ಭುಜಕ್ಕೆ ಕಿವಿ ಒತ್ತಿ ನಿಂತ.

"ಏನ್ಲೇ ಮಾಡ್ತಿದ್ದೀ?"

"ಶ್! ನೋವಿನ ಮಾತು ಕೇಳ್ತಿದ್ದೀನಿ."

"ಏನಂತೈತೆ?"

"ಕಟಕ್ ಅಂತೈತೆ ಅವ್ವ. ಯಾವ ಭಾಷೆಯೋ ತಿಳೀವಲ್ದು."

ಎಷ್ಟೋ ದಿನದ ಮೇಲೆ ಕೊಟ್ರಮ್ಮ ನಕ್ಕಳು. ನಕ್ಕಳು, ಕೈ ಮಾತ್ರ ಎದೆಮಟ್ಟ ದಾಟಲಿಲ್ಲ. ತಿಪ್ಪೇಶಿ ಅಲ್ಲಿ ಗೀಟು ಹಾಕಿದ. ಮಾರನೇ ದಿನ ಕೈ ಅಲ್ಲೇ ನಿಂತಿತು. ಆದರೆ ಗೀಟು ಮೇಲೆ ಹೋಗಬೇಕಲ್ಲ? ಮೇಲೆ ಹಾಕಿದ. ಆಮೇಲೆ ಇನ್ನೂ ಮೇಲೆ. ಸ್ಟೂಲು ಹತ್ತಿ ಹಾಕಿದ, ಏಣಿ ಹತ್ತಿ ಹಾಕಿದ, ಗೋಡೆ ಮುಗಿದ ಮೇಲೆ ಹೊರಗೆ ಹೋಗಿ ಹೆಂಚಿನ ಮೇಲೆ ಹಾಕಿದ.

ಆಸ್ಪತ್ರೆಯಲ್ಲಿ ಮೇಡಂ ಕೇಳಿದರು, "ಗೀಟು ಎಲ್ಲಿಗೆ ಬಂತೋ?"

"ಹೆಂಚು ಹತ್ತಿತು ಮೇಡಂ! ಇನ್ನು ತೆಂಗಿನ ಮರ ಬೇಕು!"

"ಮತ್ತೆ ನಿಮ್ಮಮ್ಮನ ಕೈ?"

"ಅದು ಇನ್ನೂ ಕೆಳಗೇ ಐತೆ."

"ಅಯ್ಯೋ ದೇವರೇ! ಕೈ ಎಲ್ಲಿಗೆ ಹೋಗುತ್ತೋ ಗೀಟು ಅಲ್ಲಿಗೆ ಕಣೋ! ಹೋಗು, ಆ ಗೀಟೆಲ್ಲ ಅಳಿಸು!"

"ನೀನು ಮುಟ್ಟಬೇಡ!" ಅಂದಳು ಪಕ್ಕದಲ್ಲಿದ್ದ ಕೊಟ್ರಮ್ಮ. "ನೀನು ಅಳಿಸೋಕೆ ಹೋದ್ರೆ ಗೋಡೆಯೇ ಇರಲ್ಲ. ನಾನೇ ಅಳಿಸ್ತೀನಿ."

ಮನೆಗೆ ಬಂದು ಒದ್ದೆ ಬಟ್ಟೆ ಹಿಡಿದು, ಸಿಕ್ಕಿದ ಗೀಟು ಒರೆಸಿದಳು. ಅದರ ಮೇಲಿನದು ಸಿಗಲಿಲ್ಲ. ಬೆರಳಿಗೆ ಇನ್ನೇನು ಸಿಗಬೇಕು, ಸಿಗಲಿಲ್ಲ! ಕೊಟ್ರಮ್ಮ ಅದನ್ನೇ ನೋಡ್ತಾ ನಿಂತಳು. ನಾಳೆ ಸಿಗುತ್ತಾ? ಮಗನ ಚಟ ತಾಯಿಗೂ ಅಂಟಿತು. ಬೆಳಿಗ್ಗೆ ಎದ್ದ ಕೂಡಲೆ ಶಾಖ ತಗೊಂಡು, ಮೇಡಂ ಹೇಳಿದ ಹಾಗೆ ಬಗ್ಗಿ ಕೈ ಜೋತುಬಿಟ್ಟು ತೂಗಿ, ಸೀದಾ ಗೋಡೆ ಹತ್ತಿರ ಬರೋಳು. ಕೆಲವು ದಿನ ಬೆರಳು ಮುಂದೆ ಹೋಗೋದು, ಕೆಲವು ದಿನ ಹಿಂದೆ ಬರೋದು. ನೋವು ಸಾಕು ಅಂದರೆ ನಿಲ್ಲಿಸೋಳು. ಮಳೆಗಾಲ ಕಳೀತು, ಭುಜದ ಮಟ್ಟದ ಗೀಟು ಹೋಯಿತು, ಕತ್ತಿನ ಮಟ್ಟದ್ದು ಹೋಯಿತು, ಹಣೆ ಮಟ್ಟದ್ದು ಹೋಯಿತು. ಒಂದು ದಿನ ಉಪ್ಪಿನ ಡಬ್ಬಿ ತಾನೇ ಇಳಿಸಿಕೊಂಡಳು. ಒಂದು ದಿನ ಜಡೆ ತಾನೇ ಹಾಕಿಕೊಂಡಳು.

ದೀಪಾವಳಿಗೆ ಮುಂಚೆ ಭಟ್ಟಿಗೆ ಹೋಗಿ ಜರಡಿ ಎತ್ತಿ ಒದರಿದಳು. ಮರಳು ಸುರಿಯಿತು, ಮಂಡಕ್ಕಿ ಮೇಲೆ ಕುಣಿಯಿತು. ಗನಿ ಸಾಹೇಬರು ಈಗ ಕುಂಟ್ತಿರಲಿಲ್ಲ. ಓಡಿಬಂದು, "ಶಭಾಷ್ ಕೊಟ್ರಮ್ಮ!" ಅಂದರು. ತಿಪ್ಪೇಶಿಯನ್ನ ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

ಮೇಡಂ ಕೊನೇ ಸಲ ಕೈ ನೋಡಿ, "ಇನ್ನು ಇಲ್ಲಿಗೆ ಬರೋದು ಬೇಡ" ಅಂದರು. ತಿಪ್ಪೇಶಿಗೂ ಒಂದು ಮಾತು ಹೇಳಿದರು. "ನೋಡಪ್ಪ, ಆಡೋ ಕೀಲು ಚೆನ್ನಾಗಿರುತ್ತೆ. ಕೂತಲ್ಲೇ ಕೂತರೆ ಹಿಡ್ಕೊಳ್ಳುತ್ತೆ. ಹಂಗೆ ಯಾರಾದರೂ ಕೂತೇ ಇದ್ದರೆ ಎಬ್ಬಿಸಿ ನಡೆಸು. ಆಗದಿದ್ದರೆ ಇಲ್ಲಿಗೆ ಕರ್ಕೊಂಡು ಬಾ."

"ಸರಿ ಮೇಡಂ, ಹಂಗೇ ಮಾಡ್ತೀನಿ!"

ಭಟ್ಟಿ ಹಿಂದೆ ಬುಟ್ಟಿಯಲ್ಲಿ ಸಾಹೇಬರ ಕೋಳಿ ಕೂತಿತ್ತು. ಬೆಳಿಗ್ಗೆ ನೋಡಿದ, ಕೂತಿತ್ತು. ಮಧ್ಯಾಹ್ನ ನೋಡಿದ, ಕೂತಿತ್ತು. ಮಾರನೇ ದಿನವೂ ಕೂತಿತ್ತು!

"ಕೋಳಿ, ಏಳು!" ಅಂದ. ಏಳಲಿಲ್ಲ. ಎತ್ತಿ ನೆಲಕ್ಕೆ ಬಿಟ್ಟ. ಓಡಿಹೋಗಿ ಮತ್ತೆ ಕೂತಿತು. ಮತ್ತೆ ಎತ್ತಿದ, ಕೈ ಕುಕ್ಕಿತು. ಅಯ್ಯೋ ಪಾಪ, ನೋವಿಗೆ ಸಿಟ್ಟು ಬಂದೈತೆ! ಟವೆಲ್ಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದ. ಬೆನ್ನುನೋವಿನವರು, ಮಂಡಿನೋವಿನವರ ಸಾಲಿನಲ್ಲಿ ಕೋಳಿ ತೊಡೆ ಮೇಲಿಟ್ಟುಕೊಂಡು ತನ್ನ ಸರದಿ ಕಾದ.

"ಏನೋ ಇದು!" ಅಂದರು ಮೇಡಂ.

"ನಿಮ್ಮ ಹೊಸ ರೋಗಿ ಮೇಡಂ. ಎಷ್ಟು ದಿನದಿಂದ ಕೂತೈತೋ! ಅದೂ ಗಟ್ಟಿ ಮೊಟ್ಟೆ ಮೇಲೆ! ಹಾಸಿಗೆ ಇಲ್ಲ, ದಿಂಬು ಇಲ್ಲ!"

"ಕಾವಿಗೆ ಕೂತ ಕೋಳಿ ಕಣೋ! ಮರಿ ಮಾಡ್ತಿದೆ! ಓಡು, ಮೊಟ್ಟೆ ತಣ್ಣಗಾಗೋಕೆ ಮುಂಚೆ ವಾಪಸ್ ಬಿಡು!"

"ಹೆಂಗೆ ಬಿಡ್ಲಿ ಮೇಡಂ?" ತಿಪ್ಪೇಶಿ ಅಳೋ ಹಾಗಾದ. ಟವೆಲ್ ಸರಿಸಿ, ಕೋಳಿಯ ಕಾಲು ಹಿಡಿದು ತೋರಿಸಿದ. "ಇಲ್ಲಿ ನೋಡ್ರಿ, ಕೂತು ಕೂತು ಏನಾಗೈತೆ! ನಮಗೆಲ್ಲ ಮಂಡಿ ಮುಂದೆ ಐತೆ. ಇದರ ಮಂಡಿ ಹಿಂದಕ್ಕೆ ತಿರುಗೇಬಿಟ್ಟೈತೆ! ದಾರಿಯುದ್ದಕ್ಕೂ ನೀವಿ ನೋಡ್ದೆ, ಒಂಚೂರೂ ಮುಂದೆ ಬರವಲ್ದು!"